ಸುಮ್ಮನೆ ಬಂದವರು

ಕೆಲವರಿಗೆ ಹೋದಲ್ಲೆಲ್ಲ ನೆಂಟರು ಸಿಗುತ್ತಾರೆ, ಕೆಲವರಿಗೆ ಹೋದಲ್ಲೆಲ್ಲ ಜಗಳ ಸಿಗುತ್ತದೆ. ನಮಗೆ ಹೋದಲ್ಲೆಲ್ಲ ಒಂದು ಪ್ರಶ್ನೆ ಸಿಗುತ್ತದೆ: "ಯಾಕ ಬಂದೀರಿ?" ಈ ಪ್ರಶ್ನೆಗೆ ನಮ್ಮ ಮನೆಯವರ ಹತ್ತಿರ ಇರುವುದು ಒಂದೇ ಉತ್ತರ, "ಸುಮ್ಮನ." ಪುಣೆಯ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಈ ಉತ್ತರವನ್ನು ನಂಬುವವರು ಇದುವರೆಗೆ ಹುಟ್ಟಿಲ್ಲ. ಹಾಗಾಗಿ ನಾನೀಗ ಹೇಳಲಿರುವಂಥವು ನಮಗೆ ಆಗುತ್ತಲೇ ಇರುತ್ತವೆ.

ನಮ್ಮವರು ಪುಣೆಯ ಹಡಪಸರದ ಒಂದು ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ಕೆಲಸ ಮಾಡಿದರು. ತಯಾರಾದ ಬಿಡಿಭಾಗಗಳನ್ನು ಅಳೆದು, ಸರಿ ಇದ್ದದ್ದನ್ನು ಈ ಕಡೆ, ಸರಿ ಇಲ್ಲದ್ದನ್ನು ಆ ಕಡೆ ಇಡುವ ಕೆಲಸ. ನಿವೃತ್ತಿಯಾದ ಮರುದಿನ ಅಳೆಯಲು ಉಳಿದದ್ದು ನನ್ನ ಅಡುಗೆಮನೆ ಒಂದೇ. ಮೊದಲ ವಾರ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿದರು. ಸಾಸಿವೆ ಹುಡುಕಲು ನನಗೆ ಎರಡು ದಿನ ಬೇಕಾಯಿತು. ಎರಡನೆಯ ವಾರ ನಾನು ಲಟ್ಟಿಸಿದ ಚಪಾತಿಯ ಮೇಲೆ ಸ್ಕೇಲು ಇಟ್ಟು, "ಈ ಕಡೆ ಅರ್ಧ ಸೆಂಟಿಮೀಟರ್ ಜಾಸ್ತಿ ಅದ ನೋಡು" ಅಂದರು. ಅವತ್ತೇ ಧಾರವಾಡಕ್ಕೆ, ನನ್ನ ತವರಿಗೆ ಹೊರಟುಬಿಡುತ್ತಿದ್ದೆ. ಆದರೆ ಇವರನ್ನು ಒಬ್ಬರನ್ನೇ ಬಿಟ್ಟು ಹೋದರೆ ನಾನು ತಿರುಗಿ ಬರುವಷ್ಟರಲ್ಲಿ ಅಡುಗೆಮನೆ ಬೇರೆ ಕೋಣೆಗೆ ಹೋಗಿರುತ್ತದೆಂಬ ಭಯ.

ನನ್ನನ್ನು ಉಳಿಸಿದವನು ಮೈಸೂರಿನ ಹುಡುಗ. ವಾಕಡದಲ್ಲಿ ನಮ್ಮ ಮೇಲಿನ ಮನೆಯಲ್ಲಿ ಇರುತ್ತಾನೆ, ಐಟಿಯಲ್ಲಿ ಕೆಲಸ, ಒಂದು ಕಾರು ಇದೆ, ಭಾನುವಾರ ಏನು ಮಾಡಬೇಕೆಂದು ಗೊತ್ತಿಲ್ಲ. ಒಂದು ದಿನ ಮೆಟ್ಟಿಲ ಮೇಲೆ ಸಿಕ್ಕಾಗ "ಅಂಕಲ್, ಸಂಡೇ ಎಲ್ಲಾದ್ರೂ ಹೋಗೋಣ್ವಾ?" ಅಂದ. ನಮ್ಮವರು ತಕ್ಷಣ ಷರತ್ತು ಹಾಕಿದರು. "ಫೋನಿನಾಗ ಫೋಟೋ ಬರೂ ಊರಿಗೆ ನಾ ಬರೂದಿಲ್ಲ. ಡಾಂಬರು ಎಲ್ಲಿ ಮುಗೀತದೋ ಅಲ್ಲಿಂದ ಮುಂದ ಹೋಗೋಣು."

ಅಂದಿನಿಂದ ಪ್ರತಿ ಭಾನುವಾರ ನಾವು ಮೂವರೂ ಹೊರಡುತ್ತೇವೆ. ಹುಡುಗನದು ಕಾರು, ಇವರದು ಉತ್ಸಾಹ, ನನ್ನದು ಮರಾಠಿ. ಇವರಿಗೆ ಮರಾಠಿ ದಾರಿ ಹೇಳುವಷ್ಟು ಮಾತ್ರ ಬರುತ್ತದೆ. ಸೋಮವಾರದಿಂದ ಬುಧವಾರದವರೆಗೆ ಇವರು ಹೋಗಿ ಬಂದ ಊರಿನ ಬಗ್ಗೆ ಮಾತಾಡುತ್ತಾರೆ, ಗುರುವಾರದಿಂದ ಹೋಗಬೇಕಾದ ಊರಿನ ಬಗ್ಗೆ. ನನ್ನ ಡಬ್ಬಿಗಳು ನೆಮ್ಮದಿಯಿಂದ ಇದ್ದಲ್ಲೇ ಇರುತ್ತವೆ. ಮುಂದೆ ಬರುವ ಹಳ್ಳಿಯವರ ಮಾತೆಲ್ಲ ಮರಾಠಿಯದು, ನಿಮಗಾಗಿ ನಮ್ಮ ಮಾತಿನಲ್ಲಿ ಹೇಳುತ್ತಿದ್ದೇನೆ.

೧. ಟೇಪು

ಭೋರ್ ಕಡೆಯ ಒಂದು ಹಳ್ಳಿ. ಊರ ನಡುವೆ ಒಂದು ಹಳೆಯ ವಾಡೆ, ಅದಕ್ಕೆ ಆನೆ ಹಾಯುವಷ್ಟು ದೊಡ್ಡ ಬಾಗಿಲು. ಬಾಗಿಲು ಕಂಡದ್ದೇ ತಡ, ನಮ್ಮವರ ಕೈ ಪ್ಯಾಂಟಿನ ಕಿಸೆಗೆ ಹೋಯಿತು. ಐದು ಮೀಟರಿನ ಸ್ಟೀಲ್ ಟೇಪು ಹೊರಗೆ ಬಂತು. ಅದು ಅವರ ಕಿಸೆಯಲ್ಲಿತ್ತು ಅಂತ ನನಗೇ ಗೊತ್ತಿರಲಿಲ್ಲ. ಹುಡುಗನಿಗೆ ಒಂದು ತುದಿ ಹಿಡಿಯಲು ಕೊಟ್ಟು ಉದ್ದ, ಅಗಲ, ದಪ್ಪ ಎಲ್ಲ ಅಳೆದು ಸಣ್ಣ ಪುಸ್ತಕದಲ್ಲಿ ಬರೆದುಕೊಳ್ಳತೊಡಗಿದರು.

ಐದು ನಿಮಿಷದಲ್ಲಿ ಅರ್ಧ ಊರು ಕೂಡಿತು. ಸಾಹೇಬರು ಸರಕಾರದಿಂದ ಮೋಜಣಿಗೆ ಬಂದಿದ್ದಾರೆ, ರಸ್ತೆ ಅಗಲ ಮಾಡುತ್ತಾರೆ ಅಂತ ಸುದ್ದಿ. ಒಬ್ಬ ಅಜ್ಜ ಇವರ ಕೈ ಹಿಡಿದು ಎಳೆದುಕೊಂಡು ಹೋಗಿ, ತನ್ನ ಗೋಡೆಯ ಬಿರುಕು ತೋರಿಸಿ, "ಇದನ್ನೂ ಬರಕೋರಿ" ಅಂದ. ಇವರು ಬರೆದುಕೊಂಡರು. ಬಿರುಕು ಕಂಡರೆ ಬರೆದುಕೊಳ್ಳದೆ ಇರುವ ಮನುಷ್ಯ ಅವರಲ್ಲ.

ಎದುರು ಮನೆಯವನು ರಸ್ತೆಯ ಅರ್ಧಕ್ಕೆ ಬರುವ ಹಾಗೆ ತಗಡಿನ ದನದ ಕೊಟ್ಟಿಗೆ ಕಟ್ಟಿಕೊಂಡಿದ್ದ. ಅವನು ಮೊದಲು ಚಹಾ ತಂದ. ಆಮೇಲೆ ಇನ್ನೊಂದು ಸಲ ಚಹಾ ತಂದ. ಟೇಪು ಅವನ ಕಡೆ ತಿರುಗಿದಾಗ ಮಾತಿಲ್ಲದೆ ಮಕ್ಕಳನ್ನು ಕರೆದು ತಗಡು ಬಿಚ್ಚಿಸತೊಡಗಿದ. ನಾವು ಎಷ್ಟು ಹೇಳಿದರೂ ಕೇಳಲಿಲ್ಲ. "ನಾವು ಸರಕಾರದವರಲ್ಲಪಾ, ಸುಮ್ಮನ ಬಂದೇವಿ" ಅಂತ ನಮ್ಮವರು ಅಂದದ್ದನ್ನು ನಾನು ಮರಾಠಿಯಲ್ಲಿ ಹೇಳಿದರೆ, ಎಲ್ಲರೂ ನಮ್ಮನ್ನು ನೋಡಿ ಕಣ್ಣು ಮಿಟುಕಿಸಿದರು.

ಹೊರಡುವಾಗ ಊರಿನ ಸರಪಂಚ ಕಾರಿನವರೆಗೆ ಬಂದು ನಮ್ಮವರ ಎರಡೂ ಕೈ ಹಿಡಿದುಕೊಂಡ. "ಸಾಹೇಬ್ರ, ಆ ಕೊಟ್ಟಿಗಿ ತೆಗಸಾಕ ಆರು ವರ್ಷದಿಂದ ನೋಟೀಸು ಕೊಟ್ಟು ಕೊಟ್ಟು ಸಾಕಾಗಿತ್ತು. ಮುಂದಿನ ಭಾನುವಾರ ನಮ್ಮ ಹಿಂದಿನ ಓಣಿಗೂ ಒಮ್ಮಿ ಸುಮ್ಮನ ಬರ್ರಿ."

೨. ಸೊಂಟದ ಮೇಲೆ ಕೈ

ಟೇಪನ್ನು ನಾನು ಕಸಿದುಕೊಂಡು ಬೀರುವಿನಲ್ಲಿಟ್ಟೆ. ಮುಂದಿನ ವಾರ ಬರಿಗೈಯಲ್ಲಿ ಹೊರಟೆವು. ಅಣೆಕಟ್ಟಿನ ಹಿನ್ನೀರಿನ ಪಕ್ಕ ಒಂದು ಗುಡ್ಡದ ಇಳಿಜಾರು, ನಾಲ್ಕಾರು ಮನೆ, ಎದುರಿಗೆ ಹರಡಿದ ನೀರು. ನಮ್ಮವರು ಕಾರಿನಿಂದ ಇಳಿದು, ಸೊಂಟದ ಮೇಲೆ ಕೈ ಇಟ್ಟುಕೊಂಡು, ಎಡದಿಂದ ಬಲಕ್ಕೆ ಒಮ್ಮೆ ನೋಡಿದರು. ಅಷ್ಟೇ ಅವರು ಮಾಡಿದ ತಪ್ಪು. ಪುಣೆಯಿಂದ ಬಂದವನು ಸೊಂಟದ ಮೇಲೆ ಕೈ ಇಟ್ಟು ಗುಡ್ಡ ನೋಡಿದನೆಂದರೆ ಅವನು ಜಾಗ ಕೊಳ್ಳಲು ಬಂದಿದ್ದಾನೆ ಅಂತ ಆ ಸೀಮೆಯಲ್ಲಿ ಕೂಸಿಗೂ ಗೊತ್ತು.

ಒಂದು ಮೋಟರ್ ಸೈಕಲ್ ಬಂತು. ಇಳಿದವನು ನಮಸ್ಕಾರಕ್ಕೂ ಮೊದಲು "ಪೂರ್ವಕ್ಕ ಮುಖ ಅದ" ಅಂದ. ಎರಡನೆಯ ಮೋಟರ್ ಸೈಕಲ್ಲಿನವನು "ಆತನ ಜಾಗಕ್ಕ ದಾರಿನೇ ಇಲ್ಲ, ನಂದು ರಸ್ತೆಗೆ ಹತ್ತಿ ಅದ" ಅಂದ. ಮೂರನೆಯವನು ಬಂದು, ಇವರನ್ನು ಮೊದಲು ನೋಡಿದ್ದು ನಾನು, ಆ ತಿರುವಿನಲ್ಲೇ ನೋಡಿದ್ದೆ ಅಂತ ಉಳಿದ ಇಬ್ಬರ ಜೊತೆ ಜಗಳಕ್ಕೆ ನಿಂತ. "ನಮಗ ಜಾಗ ಬ್ಯಾಡ್ರಿ, ಸುಮ್ಮನ ನೋಡ್ಲಿಕತ್ತೇವಿ" ಅಂದರೆ, "ಎಲ್ಲಾರೂ ಮೊದಲ ಹಂಗs ಅಂತಾರ" ಅಂತ ಮೂವರೂ ಒಂದೇ ದನಿಯಲ್ಲಿ ಹೇಳಿದರು. ಅವರು ಅವತ್ತು ಒಪ್ಪಿಕೊಂಡದ್ದು ಅದೊಂದೇ ವಿಷಯ.

ಆ ಗಲಾಟೆಯಲ್ಲಿ ಒಬ್ಬ ಅಜ್ಜಿ ಮೇವಿನ ಹೊರೆ ಎತ್ತಲಾರದೆ ಒದ್ದಾಡುತ್ತಿದ್ದಳು. ನಾನು ಹೋಗಿ ಹೊರೆಗೆ ಕೈ ಕೊಟ್ಟು ತಲೆಯ ಮೇಲೆ ಏರಿಸಿದೆ. ಅವಳು ನನ್ನ ಮುಖ ನೋಡಿ, ಹತ್ತಿರ ಬಾ ಅಂತ ಸನ್ನೆ ಮಾಡಿ, ಪಿಸುಮಾತಿನಲ್ಲಿ ಹೇಳಿದಳು.

"ಆ ಹುಣಸಿ ಗಿಡದ ಕೆಳಗಿನ ಜಾಗ ಮಾತ್ರ ಯಾರು ಹೇಳಿದ್ರೂ ತಗೋಬ್ಯಾಡವ್ವಾ. ಮಳಿಗಾಲದಾಗ ಸೊಂಟಮಟ ನೀರು ನಿಲ್ತದ."

"ನಿಮಗ ಹೆಂಗ ಗೊತ್ತಜ್ಜಿ?"

"ಅದು ನಂದs ಜಾಗ. ಎರಡು ಸಲ ಮಾರೀನಿ. ಇಬ್ಬರೂ ಮಳಿಗಾಲದಾಗ ಬಂದು ನೋಡಿ, ಕೈ ಮುಗದು, ನನಗs ವಾಪಸ್ ಕೊಟ್ಟು ಹೋದ್ರು. ನೀ ಹೊರಿ ಹಿಡದಿ ಅಂತ ಹೇಳಿದೆ."

೩. ಪಂಪು

ಇದರ ನಂತರ ನಮ್ಮವರು ಸೊಂಟದ ಮೇಲೆ ಕೈ ಇಡುವುದನ್ನೂ ಬಿಟ್ಟರು. ಕೈ ಹಿಂದೆ ಕಟ್ಟಿಕೊಂಡು ನಡೆಯತೊಡಗಿದರು. ಕೈ ಹಿಂದೆ ಕಟ್ಟಿಕೊಂಡು ನಡೆಯುವವರು ಎಂಜಿನಿಯರುಗಳು ಅಂತ ಮೂರನೆಯ ಊರಿನಲ್ಲಿ ತಿಳಿಯಿತು.

ಆ ಊರಿನ ನೀರಿನ ಪಂಪು ಒಂದು ತಿಂಗಳಿಂದ ಕೆಟ್ಟಿತ್ತಂತೆ. ನಾವು ಗುಡಿಯ ಕಟ್ಟೆಯ ಮೇಲೆ ಕುಳಿತು ಬುತ್ತಿ ಬಿಚ್ಚಬೇಕು ಅನ್ನುವಷ್ಟರಲ್ಲಿ ಗುಡಿಯ ಮೈಕಿನಲ್ಲಿ ಘೋಷಣೆ ಆಯಿತು: ಪುಣೆಯಿಂದ ಸಾಹೇಬರು ಬಂದಿದ್ದಾರೆ, ನೀರಿನ ತಕರಾರು ಇದ್ದವರು ಬರಬೇಕು. ಹೆಂಗಸರು ಕೊಡಗಳ ಸಮೇತ ಬಂದರು. "ನಾ ಯಾರೂ ಅಲ್ರಿ" ಅಂತ ನಮ್ಮವರು ಮೂರು ಸಲ ಹೇಳಿದರು. ಒಬ್ಬಾಕೆ ಖಾಲಿ ಕೊಡವನ್ನು ಅವರ ಮುಂದೆ ದೊಪ್ಪನೆ ಇಟ್ಟಳು. ಆ ಸದ್ದಿಗೆ ಅವರು ಎದ್ದು ಪಂಪಿನ ಕಡೆಗೆ ನಡೆದೇ ಬಿಟ್ಟರು.

ಪಂಪು ಬಿಚ್ಚಿ, ಒಳಗಿನ ಒಂದು ವಾಷರು ಸವೆದಿದ್ದನ್ನು ಹುಡುಕಿ, ಹಳೆಯ ಟ್ಯೂಬು ಕತ್ತರಿಸಿ ಹೊಸದು ಮಾಡಿ ಹಾಕಿದರು. ಅಳತೆಗೆ ನನ್ನ ಬಳೆ ಇಸಕೊಂಡರು. ನೀರು ಬಂತು. ಹೆಂಗಸರು ಚಪ್ಪಾಳೆ ತಟ್ಟಿದರು. ನಿಜ ಹೇಳಬೇಕೆಂದರೆ ನನಗೂ ಆ ಗಳಿಗೆ ನನ್ನ ಗಂಡನ ಮೇಲೆ ಹೆಮ್ಮೆ ಉಕ್ಕಿ ಬಂತು. ಒಬ್ಬ ಮುದುಕ ಹೇಳಿದ, "ಇಲ್ಲೀಮಟ ಬಂದವರೆಲ್ಲಾ ನಾ ದೊಡ್ಡ ಸಾಹೇಬ ಅಂತ ಹೇಳಿ ನೋಡಿ ಹೋದ್ರು. ಯಾರೂ ಅಲ್ಲ ಅಂದವ ರಿಪೇರಿ ಮಾಡಿದ."

ಹೆಮ್ಮೆ ಅರ್ಧ ಗಂಟೆ ಇತ್ತು. ಆಮೇಲೆ ಹಿಟ್ಟಿನ ಗಿರಣಿಯವನು ಬಂದ. ಆಮೇಲೆ ಮೂರು ಮಿಕ್ಸರು, ಒಂದು ಹೊಲಿಗೆ ಯಂತ್ರ, ಒಂದು ಮಾತಾಡದ ಟೀವಿ ಬಂದವು. ಸಂಜೆ ಕಾರು ಹತ್ತುವಾಗ ನಮ್ಮವರ ಕೈ ಮೊಣಕೈವರೆಗೆ ಕಪ್ಪಾಗಿತ್ತು.

"ಮೂವತ್ತೆರಡು ವರ್ಷ ಕಾರ್ಖಾನ್ಯಾಗ ದುಡದೆ" ಅಂದರು, ಸೀಟಿಗೆ ತಲೆ ಆನಿಸಿ. "ಅಲ್ಲೆ ಭಾನುವಾರರೆ ಸೂಟಿ ಇರ್ತಿತ್ತು."

ಸ್ವಲ್ಪ ದೂರ ಹೋದ ಮೇಲೆ ಮತ್ತೆ ಬಾಯಿ ಬಿಟ್ಟರು. ಈ ಸಲ ನಗು ಇರಲಿಲ್ಲ. "ಒಂದರೆ ಊರಾಗ ಯಾಕ ಬಂದೀರಿ ಅಂತ ಕೇಳದs ಕೂಡ್ರಿಸಿಕೋತಾರೇನು ನೋಡೋಣು. ಮುಂದಿನ ಭಾನುವಾರನೂ ನಮ್ಮನ್ನ ಮತ್ಯಾರೋ ಅಂತ ತಿಳಕೊಂಡ್ರ ಮುಗೀತು, ಈ ತಿರುಗಾಟ ಬಂದ್. ಮನ್ಯಾಗ ಕೂಡತೇನಿ."

ಅವರಿಗೆ ಅದು ಬೇಸರದ ಮಾತು. ನನಗೆ ಅದು ಭಯದ ಮಾತು. ಮನೆಯಲ್ಲಿ ಕೂಡುತ್ತೇನೆ ಎಂದರೆ ಎಲ್ಲಿ ಕೂಡುತ್ತಾರೆ, ಏನು ಅಳೆಯುತ್ತಾರೆ ಅಂತ ನನಗೆ ಗೊತ್ತಿಲ್ಲವೇ?

೪. ಪೋಹೆ

ಆ ಭಾನುವಾರ ದೇವರಿಗೆ ಎರಡು ಊದಿನಕಡ್ಡಿ ಹೆಚ್ಚಿಗೆ ಹಚ್ಚಿ ಹೊರಟೆ. ಹುಡುಗ ಕೆಳಗೆ ಬಂದ, ಮೈಮೇಲೆ ರೇಷ್ಮೆಯ ಕುರ್ತಾ. "ಏನೋ ಇದು?" ಅಂದೆ. "ಬಾಕಿ ಎಲ್ಲಾ ಮಷೀನಲ್ಲಿದೆ ಆಂಟಿ. ದೀಪಾವಳೀದು ಇದೊಂದೇ ಉಳಿದಿರೋದು" ಅಂದ.

ಮಹಾರಾಷ್ಟ್ರದಲ್ಲಿ ಎಷ್ಟೋ ಊರುಗಳು ಜೋಡಿಯಾಗಿ ಇರುತ್ತವೆ. ಹೆಸರು ಒಂದೇ. ದೊಡ್ಡದಕ್ಕೆ ಬುದ್ರುಕ್, ಸಣ್ಣದಕ್ಕೆ ಖುರ್ದ್ ಅನ್ನುತ್ತಾರೆ. ಅಂಥ ಒಂದು ಜೋಡಿಯಲ್ಲಿ ನಮ್ಮವರು ನೋಡಬೇಕೆಂದಿದ್ದು ಬುದ್ರುಕ್‌ನ ಹಳೆಯ ಬಾವಿಯನ್ನು. ಊರ ಹೆಸರು ಹೇಳುವುದಿಲ್ಲ, ಅಲ್ಲಿ ನಮಗೆ ಇನ್ನೂ ಕೆಲಸ ಇದೆ.

ರಸ್ತೆ ಕವಲೊಡೆಯುವಲ್ಲಿ ಚಹಾ ಕುಡಿಯುತ್ತಾ ನಿಂತಿದ್ದೆವು. ಒಂದು ಬಿಳಿ ಕಾರು ಬಂದು ನಿಂತಿತು. ಒಳಗೆ ಇಸ್ತ್ರಿ ಬಟ್ಟೆಯ ಐದು ಜನ, ಮುಂದಿನ ಸೀಟಿನಲ್ಲಿ ಟೋಪಿ ಹಾಕಿದ ಹಿರಿಯರು. "ಖುರ್ದ್‌ಗೆ ಯಾವ ರಸ್ತೆ?" ಅಂತ ಕೇಳಿದರು. ಕಲ್ಲಿನ ಫಲಕದ ಬಣ್ಣ ಹೋಗಿತ್ತು. ನಮ್ಮವರು ಎರಡೂ ರಸ್ತೆಯನ್ನು ಪರೀಕ್ಷಿಸಿ ನೋಡಿ ತೀರ್ಪು ಕೊಟ್ಟರು. "ಖುರ್ದ್ ಅಂದ್ರ ಸಣ್ಣ ಊರು. ಸಣ್ಣ ಊರಿಗೆ ಸಣ್ಣ ರಸ್ತೆ. ಬಲಕ್ಕ ಹೋಗ್ರಿ." ಬಿಳಿ ಕಾರು ಬಲಕ್ಕೆ ಹೋಯಿತು.

"ಅಂಕಲ್, ಮ್ಯಾಪಲ್ಲಿ ಉಲ್ಟಾ ತೋರಿಸ್ತಿದೆ" ಅಂದ ಹುಡುಗ.

"ಮ್ಯಾಪಿಗೆ ಏನು ತಿಳೀತದೋ? ನಡಿ, ದೊಡ್ಡ ಊರಿಗೆ ದೊಡ್ಡ ರಸ್ತೆ."

ದೊಡ್ಡ ರಸ್ತೆಯ ತುದಿಯಲ್ಲಿ ಊರು ಸಿಕ್ಕಿತು. ಕಾರು ನಿಲ್ಲಿಸಿದ ಮೊದಲ ಮನೆಯಿಂದಲೇ ಒಬ್ಬ ಗೃಹಸ್ಥ ಕೈಮುಗಿದು ಓಡಿ ಬಂದ. "ಬರ್ರಿ, ಬರ್ರಿ, ಒಳಗ ಬರ್ರಿ." ಕಾಲಿಗೆ ನೀರು ಕೊಟ್ಟರು. ಕುರ್ಚಿ ಹಾಕಿದರು. ಫ್ಯಾನು ನಮ್ಮ ಕಡೆ ತಿರುಗಿಸಿದರು. ಎಲ್ಲಿಂದ ಬಂದಿರಿ, ದಾರಿ ಸುಲಭವಾಗಿ ಸಿಕ್ಕಿತೆ ಅಂತ ಕೇಳಿದರೇ ಹೊರತು ಯಾಕೆ ಬಂದಿರಿ ಅಂತ ಒಬ್ಬರೂ ಕೇಳಲಿಲ್ಲ. ಧಾರವಾಡದ ಕಡೆಯೂ ಹಾಗೇ, ಬಂದವರ ಬಾಯಿಗೆ ನೀರು ಬೀಳುವ ಮೊದಲು ಬಂದ ಕಾರಣ ಕೇಳಬಾರದು.

ನಮ್ಮವರು ನನ್ನ ಕಿವಿಯ ಹತ್ತಿರ ಬಾಗಿದರು. "ನೋಡಿದೇನು? ಯಾರರೆ ಕೇಳಿದ್ರೇನು? ಇದಕ್ಕ ಊರು ಅಂತಾರ." ಅವರ ಮುಖ ಮೊದಲ ಬಡ್ತಿ ಸಿಕ್ಕ ದಿನ ಹೇಗಿತ್ತೋ ಹಾಗೇ ಇತ್ತು.

ನನ್ನ ಕಣ್ಣು ಮಾತ್ರ ಬೇರೆ ಏನೋ ನೋಡುತ್ತಿತ್ತು. ಮಂಚದ ಮೇಲಿನ ಚಾದರು ಮಡಿಕೆಯೂ ಹೋಗದ ಹೊಚ್ಚ ಹೊಸದು. ಕುರ್ಚಿಗಳು ಒಂದೊಂದೂ ಒಂದೊಂದು ಬಣ್ಣ, ಅಂದರೆ ನೆರೆಮನೆಗಳಿಂದ ತಂದವು. ಅಡುಗೆಮನೆಯ ಬಾಗಿಲಲ್ಲಿ ನಾಲ್ಕು ಹೆಂಗಸರು, ಎಲ್ಲರ ಕಣ್ಣೂ ರೇಷ್ಮೆ ಕುರ್ತಾದ ಮೇಲೆ. ಅಷ್ಟರಲ್ಲಿ ಪ್ಲೇಟುಗಳು ಬಂದವು: ಈರುಳ್ಳಿ, ಶೇಂಗಾ ಹಾಕಿದ ಒಗ್ಗರಣೆ ಅವಲಕ್ಕಿ, ಮೇಲೆ ಹಸಿ ಕೊಬ್ಬರಿ, ಕೊತ್ತಂಬರಿ, ಬದಿಗೆ ನಿಂಬೆಹಣ್ಣಿನ ಹೋಳು. ಕಾಂದಾ ಪೋಹೆ! ಪುಣೆಯಲ್ಲಿ ಇಷ್ಟು ವರ್ಷ ಇದ್ದವಳಿಗೆ ತಿಳಿಯದೆ ಇರುತ್ತದೆಯೇ? ಹೆಣ್ಣು ನೋಡಲು ಬಂದವರಿಗೆ ಇಲ್ಲಿ ಕೊಡುವುದು ಇದನ್ನೇ.

ಆಗಲೇ ಬಾಯಿ ಬಿಟ್ಟು ಹೇಳಬೇಕಿತ್ತು, ಒಪ್ಪುತ್ತೇನೆ. ಆದರೆ ನಮ್ಮವರ ಆ ಮುಖ ನೋಡಿದೆ, ಆಮೇಲೆ ನನ್ನ ಡಬ್ಬಿಗಳು ಕಣ್ಣ ಮುಂದೆ ಬಂದವು. ಒಂದು ಪ್ಲೇಟು ಮುಗಿಯಲಿ, ಆಮೇಲೆ ಹೇಳಿದರಾಯಿತು ಅಂದುಕೊಂಡೆ.

ಅಷ್ಟರಲ್ಲಿ ಹುಡುಗಿಯ ಚಿಕ್ಕಪ್ಪ ನಮ್ಮ ಹುಡುಗನ ಪಕ್ಕ ಕುಳಿತು ಪ್ರಶ್ನೆ ಶುರು ಮಾಡಿದ್ದ. ನಮ್ಮ ಹುಡುಗನಿಗೆ ಮರಾಠಿ ಬಾರದು. ಬಾರದ ಭಾಷೆಯಲ್ಲಿ ಹಿರಿಯರು ಮಾತಾಡಿಸಿದರೆ ಮೈಸೂರಿನವರು ನಗುತ್ತಾ ತಲೆಯಾಡಿಸುತ್ತಾರೆ. ನೌಕರಿ ಕಾಯಂ ಆಗಿದೆಯಾ? ತಲೆಯಾಡಿಸಿದ. ಸ್ವಂತ ಮನೆ ಇದೆಯಾ? ತಲೆಯಾಡಿಸಿದ. ಕುಡಿಯುವ ಚಟ ಗಿಟ? ಇನ್ನೂ ಚೆನ್ನಾಗಿ ನಕ್ಕು ತಲೆಯಾಡಿಸಿದ. ಚಿಕ್ಕಪ್ಪ ಅಣ್ಣನ ಕಡೆ ತಿರುಗಿ, "ಹುಡುಗ ಸುಳ್ಳು ಹೇಳೂದಿಲ್ಲ ನೋಡು" ಅಂದ.

ಹುಡುಗಿ ಚಹಾದ ಟ್ರೇ ಹಿಡಿದು ತಲೆ ತಗ್ಗಿಸಿ ಬಂದಳು. "ಮಾವಶಿ, ಒಳಗ ಹೋಗಿ ನೀವs ಮಾತಾಡಸ್ರಿ" ಅಂತ ಅವರಪ್ಪ ನನ್ನನ್ನು ಕಳಿಸಿದ. ಅಡುಗೆಮನೆಯಲ್ಲಿ ನಾವಿಬ್ಬರೇ ಆದಾಗ ಹುಡುಗಿ ಗಬಕ್ಕನೆ ನನ್ನ ಕೈ ಹಿಡಿದಳು.

"ಮಾವಶಿ, ಸಿಟ್ಟಾಗಬ್ಯಾಡ್ರಿ. ನಾ ನಿಮಗ ಪಸಂದ ಬರಲಿಲ್ಲ ಅಂತ ಹೇಳಿಬಿಡ್ರಿ. ನರ್ಸಿಂಗ್ ಕಡೀ ವರ್ಷ ಓದಾಕತ್ತೀನಿ. ಕಲತದ್ದು ಸಾಕು, ಪರೀಕ್ಷಾ ಗಿರೀಕ್ಷಾ ಬ್ಯಾಡ ಅಂತ ನಿಮ್ಮವರು ಫೋನಿನಾಗ ಹೇಳಿದ್ರಂತ."

ನನ್ನನ್ನೂ ಏಳು ಕಡೆಯವರು ನೋಡಿ ಹೋಗಿದ್ದರು. ಬಿಎ ಕೊನೆಯ ಪರೀಕ್ಷೆಯ ಹಿಂದಿನ ದಿನವೂ ಟ್ರೇ ಹಿಡಿದು ನಿಂತಿದ್ದೆ. ಆಗ ನನ್ನ ಕೈ ಹಿಡಿಯಲು ಯಾರೂ ಇರಲಿಲ್ಲ.

"ಮಗಳ, ನಾವು ಅವರಲ್ಲ" ಅಂದೆ. "ನಾವು ಬಾವಿ ನೋಡ್ಲಿಕ್ಕೆ ಬಂದವರು. ಈಗ ಹೊರಗ ಹೋಗಿ ಹೇಳತೇನಿ."

ಹುಡುಗಿ ಕಣ್ಣು ಬಿಟ್ಟು ನೋಡಿದಳು. ಸೆರಗು ಬಾಯಿಗೆ ಒತ್ತಿಕೊಂಡು, ಗೋಡೆಗೆ ಒರಗಿ, ಸದ್ದಿಲ್ಲದೆ ನಕ್ಕಳು. ಆಮೇಲೆ ಪಾತ್ರೆಯಲ್ಲಿದ್ದ ಪೋಹೆಯನ್ನೆಲ್ಲ ಇನ್ನೊಂದು ಪ್ಲೇಟಿಗೆ ಸುರಿದು ನನ್ನ ಕೈಗಿಟ್ಟಳು.

"ಹಂಗಾದ್ರ ಮಾವಶಿ, ನಿಧಾನಕ್ಕ ತಿನ್ರಿ. ಹನ್ನೆರಡರ ಮ್ಯಾಲೆ ಒಳ್ಳೆ ವೇಳೆ ಇಲ್ಲ ಅಂತ ಭಟ್ಟರು ಹೇಳ್ಯಾರ."

ಪಡಸಾಲೆಗೆ ಬಂದು ಒಂದೊಂದು ಶೇಂಗಾ ಒಂದೊಂದು ಸಲ ಅಗಿದು ತಿಂದೆ. ಹನ್ನೆರಡು ದಾಟಿದ ಮೇಲೆ ಹುಡುಗಿಯ ಅಪ್ಪನ ಫೋನು ಹೊಡೆದುಕೊಂಡಿತು. ಆ ಕಡೆಯ ದನಿ ಇಡೀ ಪಡಸಾಲೆಗೆ ಕೇಳಿಸುತ್ತಿತ್ತು. ಬಿಳಿ ಕಾರಿನ ಟೋಪಿಯವರು.

"ಇಲ್ಲೀತನಕ ರೇಂಜ್ ಇರಲಿಲ್ರಿ. ಯಾರೋ ತಿಳವಳಕಿ ಮನಶ್ಯಾ ಸಣ್ಣ ರಸ್ತೆ ತೋರಿಸಿದ, ಬುದ್ರುಕ್ ದಾಟಿ ಆ ಕಡೆ ಗುಡ್ಡದ ಮ್ಯಾಲೆ ಬಂದುಬಿಟ್ಟೇವಿ. ಆದ್ರ ಒಳ್ಳೇದs ಆತು. ಇಳದು ಬಾಯಿ ಬಿಡೂದರೊಳಗ ಒಬ್ಬಾಕಿ ಅಜ್ಜಿ ಒಂದು ಜಾಗ ತೋರಿಸಿದಳು. ಹಿನ್ನೀರಿನ ಬಾಜೂಕ, ದೊಡ್ಡ ಹುಣಸಿ ಗಿಡ ಅದ. ಭಾಳ ಪಸಂದ ಬಂತು, ಮಾತು ಕೊಟ್ಟೇವಿ. ಹುಡುಗಿ ನೋಡೂದು ಮಳಿಗಾಲ ಮುಗದ ಮ್ಯಾಲೆ ಇಟ್ಟುಕೊಳ್ಳೋಣು."

ಅದೇ ಅಜ್ಜಿ, ಅದೇ ಜಾಗ, ಮಾರಾಟ ಮೂರನೆಯ ಸಲ! ಆ ಐದು ಜನರಲ್ಲಿ ಒಬ್ಬರೂ ಅಜ್ಜಿಯ ಹೊರೆಗೆ ಕೈ ಕೊಟ್ಟಿರಲಿಲ್ಲ ಅಂತ ಕಾಣುತ್ತದೆ.

ಫೋನು ಕೆಳಗಿಟ್ಟು ಅಪ್ಪ ನಮ್ಮನ್ನು ನೋಡಿದ. ಚಿಕ್ಕಪ್ಪ ನೋಡಿದ. ನಾಲ್ಕೂ ಹೆಂಗಸರು ನೋಡಿದರು. ನಮ್ಮವರ ಕೈಯಲ್ಲಿ ಮೂರನೆಯ ಪ್ಲೇಟು ಇತ್ತು.

"ಹಂಗಾದ್ರ," ಅಂದ ಅಪ್ಪ, "ನೀವು ಯಾಕ ಬಂದೀರಿ?"

ನಮ್ಮವರು ಪ್ಲೇಟು ಕೆಳಗಿಟ್ಟು ಎದ್ದು ನಿಂತರು. ಮುಖದ ಬಡ್ತಿಯೆಲ್ಲ ಇಳಿದುಹೋಗಿತ್ತು. "ಸುಮ್ಮನ" ಅಂದರು.

ಮೂಲೆಯಲ್ಲಿದ್ದ ಹುಡುಗಿಯ ಅಜ್ಜಿ ಮೊದಲು ನಕ್ಕಳು. "ಹೆಣ್ಣು ನೋಡಾಕ ಬಂದಾರ, ಹೊಲ ನೋಡಾಕ ಬಂದಾರ, ಓಟು ಕೇಳಾಕ ಬಂದಾರ. ಸುಮ್ಮನ ಬಂದವರನ್ನ ಇವತ್ತs ನೋಡಿದೆ. ಕೂಡ್ರಿ, ಚಹಾ ಆರತದ." ಆಮೇಲೆ ಎಲ್ಲರೂ ನಕ್ಕರು. ನಾನು ಆ ನಗುವಿನ ನಡುವೆಯೇ ಅಪ್ಪನಿಗೆ ಪರೀಕ್ಷೆಯ ಮಾತು ಹೇಳಿದೆ, ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಅವನು ಮಗಳ ಕಡೆ ನೋಡಿ, "ಮೊದಲ ಪರೀಕ್ಷಾ ಮುಗಸು" ಅಂದ. ಚಿಕ್ಕಪ್ಪ ಫೋನು ಹಿಡಿದು ಹೊರಗೆ ಹೋದ.

ಹಿಂದಿರುಗುವಾಗ ನಮ್ಮವರು ಕಾರಿನಲ್ಲಿ "ಮುಗೀತು, ಇನ್ನ ತಿರುಗಾಟ ಬಂದ್" ಅಂದರು. ಮಾತಿಗೆ ತಪ್ಪುವ ಮನುಷ್ಯ ಅಲ್ಲ. ಸೋಮವಾರ ಬೆಳಿಗ್ಗೆ ನಾನು ಎದ್ದಾಗ ಬೇಳೆ ಡಬ್ಬಿಗಳು ಬಣ್ಣದ ಪ್ರಕಾರ ನಿಂತಿದ್ದವು. ಬುಧವಾರ ಚಮಚಗಳು ಮಾಯವಾದವು. ಶುಕ್ರವಾರ ಅವರು ಕುಕ್ಕರಿನ ಸೀಟಿಗಳ ನಡುವಿನ ಸಮಯ ಬರೆದುಕೊಳ್ಳುತ್ತಿದ್ದರು. ನಾನು ಧಾರವಾಡದ ಬಸ್ಸಿನ ವೇಳೆ ನೋಡಿಟ್ಟುಕೊಂಡೆ.

ಶನಿವಾರ ಫೋನು ಬಂತು. ಆ ಹುಡುಗಿ. ಹೊರಡುವಾಗ ಅವಳಿಗೆ ನನ್ನ ನಂಬರೂ ಕೊಟ್ಟಿದ್ದೆ, ಬಿಳಿ ಕಾರಿಗೆ ದಾರಿ ತೋರಿಸಿದ ತಿಳವಳಿಕೆಯ ಮನುಷ್ಯ ಯಾರೆಂಬುದನ್ನೂ ಹೇಳಿದ್ದೆ.

"ಮಾವಶಿ, ಅಪ್ಪ ಏನೋ ಒಪ್ಯಾನ. ಆದ್ರ ಚಿಕ್ಕಪ್ಪ ಇನ್ನೊಂದು ಕಡೆಯವರನ್ನ ನಾಳೆ ಕರದಾನ. ಕಾಕಾಗ ಹೇಳ್ರಿ, ಆ ಕವಲಿನ್ಯಾಗ ಸುಮ್ಮನ ಬಂದು ನಿಂತ್ರ ಸಾಕು."

ನಾನು ಬೀರು ತೆಗೆದು ಟೇಪು ಅವರ ಕೈಗಿಟ್ಟೆ. ಮೇಲಿನ ಮನೆಯ ಹುಡುಗನನ್ನು ಕೂಗಿ ಕರೆದೆ. ನಮ್ಮವರಿಗೆ ಮಾತ್ರ ಒಂದು ಚಿಂತೆ. "ಅವರು ದಾರಿ ಕೇಳಿದ್ರ ಯಾವ ಕಡೆ ತೋರಸಬೇಕು?"

"ನೀವು ಚಿಂತಿ ಮಾಡಬ್ಯಾಡ್ರಿ" ಅಂದೆ. "ನಿಮಗ ಯಾವುದು ಸರಿ ಅನಸ್ತದೋ ಅದನ್ನs ತೋರಸ್ರಿ."